ಗುಡ್ಡವ್ವನ ನಾಲ್ಕನೆಯ ಮೊಳೆ

ಬೆಳಗಿನ ಆರು ಗಂಟೆ. ಹಳೇ ಹುಬ್ಬಳ್ಳಿಯ ಓಣಿಗಳ ನಡುವೆ ಇರುವ ಮುನಸಿಪಾಲಿಟಿ ಗಂಡುಮಕ್ಕಳ ಶಾಲೆಯ ಅಂಗಳಕ್ಕೆ ಇನ್ನೂ ಬಿಸಿಲು ಇಳಿದಿಲ್ಲ. ಶಾಲೆಯ ಗಂಟೆ ಬಾರಿಸಲು ಒಂದೂವರೆ ತಾಸು ಬಾಕಿ ಇದೆ. ಮೂಲೆಯ ಕೋಣೆಯ ಮೆಟ್ಟಿಲ ಮೇಲೆ ಐದು ಹುಡುಗರು ಕಾಲು ಚಾಚಿ ಸಾಲಾಗಿ ಕುಳಿತಿದ್ದಾರೆ. ಅವರ ಎದುರು ಗೋಣಿತಟ್ಟಿನ ಮೇಲೆ ಕೂತ ಹೆಂಗಸು ಮೊದಲನೆಯವನ ಹಿಮ್ಮಡಿಗೆ ತಣ್ಣೀರಿನ ಬಟ್ಟೆ ಒತ್ತಿ ಕಾಯುತ್ತಾಳೆ. ಹುಣ್ಣಿನ ಬಾಯಿಂದ ಶಾವಿಗೆಯಷ್ಟು ಸಣ್ಣ, ಬೆಳ್ಳಗಿನ ಎಳೆಯೊಂದು ಹೊರಗೆ ಬಂದು, ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ಉದ್ದದ ಬಿದಿರಿನ ಸೀಳಿಗೆ ಸುತ್ತಿಕೊಂಡಿದೆ. ಆಕೆ ಆ ಸೀಳನ್ನು ಎರಡು ಬೆರಳಲ್ಲಿ ಹಿಡಿದು ಅರ್ಧ ಸುತ್ತು ತಿರುಗಿಸುತ್ತಾಳೆ, ನಿಲ್ಲಿಸುತ್ತಾಳೆ. ಎಳೆ ಬಿಗಿಯಾದರೆ ಕಾಲು ಸುತ್ತು ಹಿಂದಕ್ಕೆ. ಸಡಿಲಾದರೆ ಮತ್ತೆ ಅರ್ಧ ಸುತ್ತು ಮುಂದಕ್ಕೆ.

ಇದು ನಾರುಹುಣ್ಣು. ಕಾಲಿನ ಚರ್ಮದ ಕೆಳಗೆ ವರ್ಷವಿಡೀ ಬೆಳೆದ ಹುಳ ಬೇಸಗೆಯಲ್ಲಿ ಬೊಬ್ಬೆ ಎಬ್ಬಿಸಿ ಹೊರಗೆ ತಲೆ ಹಾಕುತ್ತದೆ. ಒಂದೊಂದು ಹುಳ ಎರಡು ಮೊಳದ ಹತ್ತಿರ ಇರುತ್ತದೆ. ದಿನಕ್ಕೆ ಒಂದೆರಡು ಬೆರಳಿನಷ್ಟೇ ಹೊರಗೆಳೆಯಬಹುದು. ಅವಸರ ಮಾಡಿ ಅದು ಒಳಗೇ ಹರಿದರೆ ಕಾಲು ಬಾತು, ಕೀವು ಕಟ್ಟಿ, ಹುಡುಗ ಎರಡು ತಿಂಗಳು ಹಾಸಿಗೆ ಹಿಡಿಯುತ್ತಾನೆ. ಕೆಲವರ ಮೊಣಕಾಲು ಜೀವಮಾನವಿಡೀ ಮಡಿಸಿದಂತೆಯೇ ಉಳಿದುಬಿಡುತ್ತದೆ.

"ಅಲಗ್ಯಾಡಬ್ಯಾಡೋ. ನಿನ್ನ ಕಾಲಲ್ಲ ಅದು, ನನ್ನ ಮಗ್ಗ," ಎನ್ನುತ್ತಾಳೆ ಗುಡ್ಡವ್ವ. ಸಾಲಿನಲ್ಲಿದ್ದ ಉಳಿದ ನಾಲ್ವರು ನಗುತ್ತಾರೆ. ಕಾಲು ಕೊಟ್ಟವನೂ ನಗಲು ಹೋಗಿ, ಹೆದರಿ, ಸುಮ್ಮನಾಗುತ್ತಾನೆ.

ಕೆಲಸ ಮುಗಿದ ಮೇಲೆ ಆಕೆ ಸೀಳನ್ನು ಕಾಲಿಗೆ ಆನಿಸಿ ಪಟ್ಟಿ ಕಟ್ಟುತ್ತಾಳೆ. ಒದ್ದೆ ಬಟ್ಟೆಯನ್ನು ಸುಡುವ ಡಬ್ಬಿಗೆ ಹಾಕುತ್ತಾಳೆ. ಹುಣ್ಣು ತೊಳೆದ ನೀರನ್ನು ಅಂಗಳದ ಆಚೆ ತುದಿಯ ಸುಣ್ಣದ ಗುಂಡಿಗೆ ತಾನೇ ಒಯ್ದು ಸುರಿಯುತ್ತಾಳೆ. ಆಮೇಲೆ ಒಳಗೆ ಹೋಗಿ, ಗೋಡೆಗೆ ಆನಿಸಿ ನಿಲ್ಲಿಸಿದ ಹಲಗೆಯ ಮುಂದೆ ನಿಲ್ಲುತ್ತಾಳೆ. ಹಲಗೆಗೆ ನಾಲ್ಕು ಮೊಳೆ ಹೊಡೆದಿದೆ. ಮೊದಲ ಮೂರು ಮೊಳೆಗಳಿಂದ ನೂಲಿನ ದಾರಗಳು ಜೋತಾಡುತ್ತಿವೆ, ದಾರಗಳಿಗೆ ಗಂಟುಗಳಿವೆ. ನಾಲ್ಕನೆಯದು ಬರಿದಾಗಿದೆ. ಗುಡ್ಡವ್ವ ಪ್ರತಿದಿನ ಆ ಬರಿ ಮೊಳೆಯನ್ನು ಒಮ್ಮೆ ಮುಟ್ಟಿ ನೋಡಿಯೇ ಮುಂದಿನ ಹುಡುಗನನ್ನು ಕರೆಯುತ್ತಾಳೆ.

ಈ ಬೇಸಗೆ ಆ ಮೊಳೆ ಬರಿದಾಗಿಯೇ ಉಳಿದರೆ ಶಾಲೆಯ ದವಾಖಾನೆ ಉಳಿಯುತ್ತದೆ. ಅದರಲ್ಲಿ ಒಂದು ದಾರ ಬಿದ್ದರೂ ಈ ಕೋಣೆ ಮತ್ತೆ ನಕಾಶೆಗಳ, ಮುರುಕು ಬೆಂಚುಗಳ ಕೋಣೆಯಾಗಬಹುದು. ಶಾಲಾ ಮಂಡಳಿಯವರು ಹೋದ ವರ್ಷವೇ ಹಾಗೆಂದು ಹೇಳಿ ಹೋಗಿದ್ದಾರೆ. ಯುಗಾದಿ ಮುಗಿದ ವಾರ ಅವರು ನೋಡಲು ಬರುತ್ತಾರೆ.

ಗುಡ್ಡವ್ವನಿಗೆ ಈಗ ಐವತ್ತರ ಹತ್ತಿರದ ಪ್ರಾಯ. ಹುಟ್ಟಿದ್ದು, ಕೊಟ್ಟಿದ್ದು ಎರಡೂ ನೇಕಾರರ ಮನೆ. ಏಳನೆಯ ವಯಸ್ಸಿಗೆ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತಲು ಕಲಿತವಳು ಇವತ್ತಿಗೂ ಬಿಟ್ಟಿಲ್ಲ. ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ ನೂಲು ಸುತ್ತುವ ಈ ಕೆಲಸವನ್ನು ಮಗ್ಗದ ಮನೆಗಳಲ್ಲಿ ಹೆಂಗಸರೇ ಮಾಡುತ್ತಾರೆ. ನೇಯ್ದವನ ಹೆಸರು ಪೇಟೆಗೆ ಗೊತ್ತಿರುತ್ತದೆ, ಕಂಡಿಕೆ ಸುತ್ತಿದವಳ ಹೆಸರು ಯಾರಿಗೂ ಬೇಕಿಲ್ಲ. ಅಕ್ಷರ ಆಕೆಗೆ ಬಾರದು. ಆದರೆ ನೂಲು ಹರಿಯುವ ಮುಂಚೆ ಬೆರಳಿಗೆ ಒಂದು ಸಣ್ಣ ನಡುಕ ಬರುತ್ತದೆ ಎನ್ನುತ್ತಾಳೆ. ಅದು ಬಂದ ಮೇಲೆ ಎಳೆಯುವವರು ದಡ್ಡರು.

ದವಾಖಾನೆ ಶುರುವಾದದ್ದು 1936ರ ಸಂಕ್ರಾಂತಿಯ ಮರುವಾರ. ಅದರ ಹಿಂದೆ ಇದ್ದದ್ದು ಮುಖ್ಯೋಪಾಧ್ಯಾಯ ಗುರುಶಿದ್ದಪ್ಪನವರ ಹಾಜರಿ ಪುಸ್ತಕ. ಪ್ರತಿ ವರ್ಷ ಮಾಘದಿಂದ ಜ್ಯೇಷ್ಠದವರೆಗೆ ಶಾಲೆಯ ಕಾಲು ಭಾಗಕ್ಕೂ ಹೆಚ್ಚು ಖಾಲಿಯಾಗುತ್ತಿತ್ತು. ಇನ್ನೂರ ಹದಿನಾಲ್ಕು ಹುಡುಗರಲ್ಲಿ ಅರವತ್ತೊಂದು ಮಂದಿ ಒಂದು ಬೇಸಗೆ ನಾರಿನಿಂದ ಮಲಗಿದ್ದರು. ಆಸ್ಪತ್ರೆಗೆ ಹೋಗಿರೆಂದರೆ ತಂದೆತಾಯಿ ಹೋಗುತ್ತಿರಲಿಲ್ಲ. ದಿನಾ ಎರಡು ಬೆರಳು ಎಳೆಸಿಕೊಳ್ಳಲು ದಿನಾ ಎರಡು ಮೈಲಿ ಕುಂಟುತ್ತಾ ನಡೆಯುವುದು ಯಾರಿಂದ ಆದೀತು? ಹುಡುಗರು ಬರುವ ಕಡೆಗೇ ಔಷಧ ಬರಲಿ, ನಾರು ಸುತ್ತಿಸಿಕೊಂಡು ಅವರು ಹಾಗೇ ಹೋಗಿ ಪಾಠಕ್ಕೆ ಕೂರಲಿ ಎಂದು ಗುರುಶಿದ್ದಪ್ಪನವರು ಮಂಡಳಿಗೆ ಬರೆದರು. ಎರಡು ವರ್ಷ ಬರೆದ ಮೇಲೆ ಒಂದು ಕೋಣೆ, ಒಬ್ಬ ಕಂಪೌಂಡರ್, ವಾರಕ್ಕೆರಡು ದಿನ ಬಂದುಹೋಗಲು ಒಬ್ಬ ಡಾಕ್ಟರು, ಇಷ್ಟು ಸಿಕ್ಕಿತು.

ಡಾಕ್ಟರ್ ಬಿಂದುಮಾಧವರು ಆಗಿನ್ನೂ ಮುಂಬಯಿಯಿಂದ ಓದಿ ಬಂದ ತರುಣರು. ಅವರು ಬಾರದ ದಿನಗಳಲ್ಲಿ ಕಂಪೌಂಡರೇ ನಾರು ಎಳೆಯಬೇಕಿತ್ತು. ಆತ ಒಳ್ಳೆಯವನೇ, ಆದರೆ ಅವಸರದವನು. ಒಂದು ತಿಂಗಳಲ್ಲಿ ಹನ್ನೊಂದು ಹುಳಗಳು ಒಳಗೇ ಹರಿದವು. ಹುಡುಗರು ಕಿರುಚುವುದು ಓಣಿಗೆಲ್ಲ ಕೇಳುತ್ತಿತ್ತು. ಆ ಶಾಲೆಯಲ್ಲಿ ಕಾಲು ಕತ್ತರಿಸುತ್ತಾರಂತೆ ಎಂಬ ಮಾತು ಹುಟ್ಟಿತು.

ಗುಡ್ಡವ್ವನ ಮೊಮ್ಮಗ ಆಗ ಮೂರನೆಯ ಇಯತ್ತೆಯಲ್ಲಿದ್ದ. ಅವನ ಕಾಲಿಗೂ ನಾರು ಹೊರಟಿತ್ತು. ಆಕೆ ಅವನನ್ನು ಕಂಕುಳಲ್ಲಿ ಎತ್ತಿ ತಂದು, ಮೆಟ್ಟಿಲ ಮೇಲೆ ಕೂರಿಸಿ, ಕಂಪೌಂಡರ್ ಮಾಡುವುದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈ ಚಾಚಿ ಅವನ ಕೈಯಿಂದ ಕಡ್ಡಿಯನ್ನು ತೆಗೆದುಕೊಂಡಳು.

"ಸಿಟ್ಟಾಗಬ್ಯಾಡ್ರಿ ಅಂದೆ," ಎಂದು ಆಕೆ ಈಗ ನೆನೆಯುತ್ತಾಳೆ. "ನೀವು ಹಗ್ಗ ಜಗ್ಗಿದಂಗ ಜಗ್ಗಾಕತ್ತೀರಿ, ಇದು ನೂಲು ಐತಿ. ಅದು ತಾ ಬರ್ತೇನಿ ಅಂದಾಗ ತಗೋಬೇಕು, ಒಲ್ಲೆ ಅಂದಾಗ ಬಿಡಬೇಕು."

ಅವತ್ತು ಮೊಮ್ಮಗನ ಕಾಲಿನಿಂದ ಎರಡು ಬೆರಳು ಬಂತು, ಹರಿಯಲಿಲ್ಲ. ಪಕ್ಕದಲ್ಲಿದ್ದ ಹುಡುಗ ತನ್ನದನ್ನೂ ಆಯಿಯೇ ತೆಗೆಯಲಿ ಎಂದ. ಆ ಗುರುವಾರ ಬಂದ ಡಾಕ್ಟರು ಮೆಟ್ಟಿಲ ಮೇಲೆ ಒಂಬತ್ತು ಹುಡುಗರ ನಡುವೆ ಕೂತಿದ್ದ ಹೆಂಗಸನ್ನು ನೋಡಿ, ಬಾಗಿಲಲ್ಲೇ ಅರ್ಧ ತಾಸು ನಿಂತರಂತೆ. ಹೋಗುವಾಗ ಒಂದೇ ಮಾತು ಹೇಳಿದರು: "ನಾಳಿಂದ ಕೈ ಸಾಬೂನು ಹಚ್ಚಿ ತೊಳಕೊಂಡು ಬಾ. ಉಳಿದದ್ದೆಲ್ಲಾ ನೀ ನನಗ ಕಲಿಸು."

ಅಂದಿನಿಂದ ಈವರೆಗೆ ಆಕೆ ಸುತ್ತಿ ತೆಗೆದ ನಾರುಗಳು ನೂರ ತೊಂಬತ್ತರ ಹತ್ತಿರ. ಹರಿದದ್ದು ನಾಲ್ಕು. ಆ ನಾಲ್ಕು ಹುಡುಗರ ಹೆಸರನ್ನು ಕೇಳಿದರೆ ತಡವರಿಸದೆ ಹೇಳುತ್ತಾಳೆ.

ಹಲಗೆ ಮತ್ತು ಮೊಳೆಗಳು ಗುಡ್ಡವ್ವನದೇ ಯೋಚನೆ. ಯಾರ ಕಾಲಿಂದ ಎಷ್ಟು ಬಂತೆಂದು ಬರೆದಿಡಬೇಕೆಂದು ಡಾಕ್ಟರು ಹೇಳಿದಾಗ ಬರೆಯಲು ಬಾರದವಳು ಮನೆಯಿಂದ ನೂಲು ತಂದಳು. ಒಬ್ಬ ಹುಡುಗನಿಗೆ ಒಂದು ದಾರ. ಒಂದು ಬೆರಳಿನಷ್ಟು ನಾರು ಬಂದರೆ ಒಂದು ಗಂಟು. ಪೂರ್ತಿ ಬಂದ ದಿನ ದಾರದ ತುದಿಗೆ ಒಂದು ಕುಣಿಕೆ. ಮೊಳೆಗಳು ಮಾತ್ರ ಓಣಿಗಳದ್ದೂ ಅಲ್ಲ, ಜಾತಿಗಳದ್ದೂ ಅಲ್ಲ, ಇಯತ್ತೆಗಳದ್ದೂ ಅಲ್ಲ. ಅವು ನೀರಿನವು. ಮೊದಲನೆಯದು ಶಾಲೆಯ ಹಿಂದಿನ ಮೆಟ್ಟಿಲ ಬಾವಿಯ ನೀರು ಕುಡಿಯುವ ಮನೆಗಳ ಹುಡುಗರದು. ಎರಡನೆಯದು ಹಗ್ಗ ಬಿಟ್ಟು ಸೇದುವ ಬಾವಿಯದು. ಮೂರನೆಯದು ಕೆರೆಯದು. ನಾಲ್ಕನೆಯದು ನಳದ ನೀರು ಬರುವ ಮನೆಗಳದು. ಯಾವ ಮನೆಯವರು ಎಲ್ಲಿಂದ ನೀರು ತರುತ್ತಾರೆಂಬುದು ಆಕೆಗೆ ಯಾರೂ ಹೇಳಬೇಕಾಗಿಲ್ಲ. ನಲವತ್ತು ವರ್ಷ ತಲೆಯ ಮೇಲೆ ಕೊಡ ಹೊತ್ತವಳು.

ಹೀಗೇಕೆ ಕಟ್ಟಿದಳೆಂದರೆ ಡಾಕ್ಟರು ಒಂದು ದಿನ ಗಾಜಿನ ಲೋಟದಲ್ಲಿ ಮೆಟ್ಟಿಲ ಬಾವಿಯ ನೀರು ಹಿಡಿದು, ಮೇಲೆ ದೊಡ್ಡದಾಗಿ ತೋರಿಸುವ ಕನ್ನಡಿ ಇಟ್ಟು ಆಕೆಗೆ ತೋರಿಸಿದ್ದರು. ನೀರಲ್ಲಿ ಧೂಳಿನ ಕಣದಂಥ ಜೀವಿಗಳು ಜಿಗಿಯುತ್ತಿದ್ದವು. ನಾರುಹುಣ್ಣಿನವರು ಬಾವಿಯ ಮೆಟ್ಟಿಲಿಳಿದು ಕಾಲು ಅದ್ದಿದಾಗ ನಾರಿನ ಮರಿಗಳು ನೀರಿಗೆ ಬೀಳುತ್ತವೆ. ಈ ಕಣದಂಥ ಜೀವಿಗಳು ಅವನ್ನು ನುಂಗುತ್ತವೆ. ಆ ನೀರನ್ನು ಕುಡಿದವನ ಮೈಯಲ್ಲಿ ಮರಿ ಬೆಳೆದು, ಸುಮಾರು ಒಂದು ವರ್ಷದ ಮೇಲೆ ಕಾಲಿನಿಂದ ಹೊರಡುತ್ತದೆ. ಸಣ್ಣ ನೂಲಿನ ಬಟ್ಟೆಯಲ್ಲಿ ಸೋಸಿದರೆ ಜೀವಿಗಳು ಬಟ್ಟೆಯಲ್ಲೇ ಉಳಿಯುತ್ತವೆ, ಅಷ್ಟೇ ಸಾಕು. ಔಷಧವೂ ಬೇಡ, ಕಾಯಿಸುವುದೂ ಬೇಡ.

ಶಾಲೆಗೆ ನಳವಿಲ್ಲ. ಸಿಪಾಯಿ ಲಕ್ಕಪ್ಪ ದಿನವೂ ಹಿಂದಿನ ಮೆಟ್ಟಿಲ ಬಾವಿಯಿಂದಲೇ ಹಂಡೆ ತುಂಬುತ್ತಾನೆ. ಗುಡ್ಡವ್ವ ದವಾಖಾನೆಗೆ ಬರತೊಡಗಿದ ಮೇಲೆ ಆ ನೀರನ್ನು ಸೋಸಿ ಹಂಡೆಗೆ ಬಿಡುವ ಕೆಲಸ ಆಕೆಯದಾಯಿತು. ಬಾಯಿಗೆ ಕಟ್ಟಿದ ಬಟ್ಟೆಯನ್ನು ಆಕೆ ಹಿಡಿದು ನೋಡದೆ ಲಕ್ಕಪ್ಪ ಕೊಡ ಬಗ್ಗಿಸುವಂತಿಲ್ಲ. "ನನ್ನ ಲಗ್ನದಾಗೂ ಇಷ್ಟ ತಪಾಸ ಮಾಡಿ ಹೆಣ್ಣ ಕೊಟ್ಟಿದ್ದಿಲ್ಲ," ಎಂದು ಅವನು ದಿನಾ ಗೊಣಗುತ್ತಾನೆ.

ಫಲ ಹಲಗೆಯ ಮೇಲೆ ಕಾಣುತ್ತಿತ್ತು. ಮನೆಯಲ್ಲಿ ನಳದ ನೀರು ಕುಡಿಯುವ ಹುಡುಗನಿಗೆ ನಾರು ಬಂತೆಂದರೆ ಅದು ಶಾಲೆಯ ಹಂಡೆಯಿಂದಲೇ ಬಂದಿರಬೇಕು. ಮೊದಲ ವರ್ಷ ನಾಲ್ಕನೆಯ ಮೊಳೆಯಲ್ಲಿ ಏಳು ದಾರಗಳಿದ್ದವು. ಎರಡನೆಯ ವರ್ಷ ಎರಡು. ಮೂರನೆಯ ವರ್ಷ, 1938ರ ಬೇಸಗೆಯಲ್ಲಿ, ಒಂದೂ ಇಲ್ಲ. ಗುರುಶಿದ್ದಪ್ಪ ಮಾಸ್ತರರು ಆ ಬರಿ ಮೊಳೆಯನ್ನು ಶಾಲೆ ನೋಡಲು ಬಂದವರಿಗೆಲ್ಲ ತೋರಿಸಿದರು.

ತಪ್ಪು ಅದೇ ವರ್ಷ ಆಗಿತ್ತು. ಅದು ಕಣ್ಣಿಗೆ ಬೀಳಲು ಮತ್ತೊಂದು ವರ್ಷ ಬೇಕಾಯಿತು.

ಸೋಸಲು ಮೊದಲಿನಿಂದ ಬಳಸುತ್ತಿದ್ದದ್ದು ಗುಡ್ಡವ್ವನ ಗಂಡನ ಹಳೆಯ ಧೋತರ. ಎರಡು ವರ್ಷಕ್ಕೆ ಅದು ಜೀರ್ಣವಾಯಿತು. 1938ರ ಸಂಕ್ರಾಂತಿಯಂದು ಓಣಿಯ ಹಿರಿಯ ಯಮನಪ್ಪ ಸಾವಕಾರರು ಅದರ ಬದಲಿಗೆ ಒಂದು ಖಾದಿ ಬಟ್ಟೆಯನ್ನು ದವಾಖಾನೆಗೆ ಕೊಟ್ಟರು. ಅದು ಅಂಗಡಿಯ ಖಾದಿಯಲ್ಲ. ಸತ್ಯಾಗ್ರಹದ ಕಾಲದಲ್ಲಿ ಆರು ತಿಂಗಳು ಜೈಲಿನಲ್ಲಿದ್ದಾಗ ಅವರೇ ತಕಲಿಯಲ್ಲಿ ನೂತ ನೂಲಿನದು. ಊರಿನ ಮಕ್ಕಳು ಆ ಬಟ್ಟೆಯಲ್ಲಿ ಸೋಸಿದ ನೀರು ಕುಡಿಯಲಿ ಎಂಬುದು ಅವರ ಆಸೆ. ಮಾಸ್ತರರ ಕಣ್ಣು ಒದ್ದೆಯಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಟ್ಟೆ ಕೈಗೆ ದಪ್ಪಗೆ ಸಿಗುತ್ತಿತ್ತು, ಹಳೆಯ ಧೋತರಕ್ಕಿಂತ ಗಟ್ಟಿ ಎಂದು ಡಾಕ್ಟರೂ ತಲೆದೂಗಿದರು.

ಅದು ಸೋಸುವ ಬಟ್ಟೆಯಲ್ಲ ಎಂದು ಆ ಅಂಗಳದಲ್ಲಿ ಗೊತ್ತಿದ್ದದ್ದು ಒಬ್ಬಳಿಗೇ. ಏಕೆಂದರೆ ಆ ನೂಲನ್ನು ನೇಯ್ದದ್ದು ಆಕೆಯ ಮನೆಯ ಮಗ್ಗದಲ್ಲಿ. ಅದಕ್ಕೆ ಕಂಡಿಕೆ ಸುತ್ತಿದವಳು ಆಕೆಯೇ.

"ಒಂದ ಕಡಿ ದಪ್ಪ, ಒಂದ ಕಡಿ ಸಣ್ಣ. ಸುತ್ತೂಮುಂದ ಎಷ್ಟ ಸಲ ಹರೀತೋ ಲೆಕ್ಕಿಲ್ಲ," ಎನ್ನುತ್ತಾಳೆ ಗುಡ್ಡವ್ವ. "ಬಿಗಿಯಾಗಿ ಹೊಡದ್ರ ನೂಲ ತಡಿಯೂದಿಲ್ಲಂತ ನಮ್ಮ ಮನಿಯವರು ಸಡ್ಲ ಬಿಟ್ಟ ನೇಯ್ದಿದ್ರು. ದಪ್ಪ ನೂಲಿನ ನಡುವ ದೊಡ್ಡ ಸಂದಿ ಇರತಾವ್ರಿ. ಕೈಯಾಗ ಹಿಡದ ಕೂಡ್ಲೆ ನನಗ ಗೊತ್ತಾತು."

ಹಾಗಿದ್ದರೆ ಏಕೆ ಹೇಳಲಿಲ್ಲ ಎಂದು ಕೇಳಿದರೆ ಆಕೆ ಪಟ್ಟಿಯ ಬಟ್ಟೆಗಳನ್ನು ಮಡಿಸುತ್ತಾಳೆ, ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸುತ್ತಾಳೆ. "ಅಂಥಾ ದೊಡ್ಡವರು ಜೇಲಿನ್ಯಾಗ ಕೂತ ನೂತದ್ದು. ಎಲ್ಲಾರೂ ಕೈಮುಗ್ಯಾಕತ್ತಿದ್ರು. ಅದರಾಗ ಕಂಡಕಿ ಸುತ್ತಾಕಿ ಎದ್ದು ನಿಂತು, ಇದು ನೀರಿಗೆ ಬರೂದಿಲ್ಲ ಅನ್ನಬೇಕಿತ್ತೇನ್ರಿ? ಅನ್ನಬೇಕಿತ್ತು. ಅನ್ನಲಿಲ್ಲ."

1939ರ ಬೇಸಗೆಯಲ್ಲಿ ಒಟ್ಟು ಲೆಕ್ಕ ಇಳಿದೇ ಇತ್ತು. ಮನೆಮನೆಗಳಲ್ಲೂ ಸೋಸುವ ರೂಢಿ ಬಂದಿದ್ದರಿಂದ ಮೊದಲ ಮೂರು ಮೊಳೆಗಳ ದಾರಗಳು ಕಡಿಮೆಯಾಗುತ್ತಿದ್ದವು. ಒಟ್ಟು ಇಳಿದಾಗ ಯಾರೂ ಒಳಗೆ ಇಣುಕುವುದಿಲ್ಲ. ಡಾಕ್ಟರ ವರದಿಯಲ್ಲೂ ಸಂತೋಷದ ಮಾತೇ ಇತ್ತು. ಆದರೆ ಆ ಮಾಘದಲ್ಲಿ ನಾಲ್ಕನೆಯ ಮೊಳೆಗೆ ಒಂದು ದಾರ ಬಿತ್ತು. ಎಂಟು ದಿನಕ್ಕೆ ಇನ್ನೊಂದು. ಮೂರನೆಯ ದಾರ ಕಟ್ಟಿದ ದಿನ ಗುಡ್ಡವ್ವ ಊಟ ಮಾಡಲಿಲ್ಲ. ಮರುದಿನ ಶಿವರಾತ್ರಿ. ಉಪವಾಸದ ನೆವದಲ್ಲಿ ಅವತ್ತೂ ಮನೆಯಲ್ಲಿ ಯಾರೂ ಕೇಳಲಿಲ್ಲ.

ಶಿವರಾತ್ರಿಯ ಮಾರನೆಯ ಬೆಳಿಗ್ಗೆ ಆಕೆ ಹಂಡೆಯ ಬಾಯಿಯ ಬಟ್ಟೆ ಬಿಚ್ಚಿಕೊಂಡು ಡಾಕ್ಟರ ಮನೆಗೇ ನಡೆದು ಹೋದಳು. ಹಂಡೆಯಿಂದ ಒಂದು ಲೋಟ ನೀರನ್ನೂ ಒಯ್ದಿದ್ದಳು. ಅದರ ಮೇಲೆ ಆ ಕನ್ನಡಿ ಇಡಿರೆಂದು ಕೇಳಿದಳು. ಬಿಂದುಮಾಧವರು ನೋಡಿದರು. ಸೋಸಿದ ನೀರಿನಲ್ಲಿ ಕಣಗಳು ಜಿಗಿಯುತ್ತಿದ್ದವು. ಅವರು ಮತ್ತೆ ಬಾವಿಯ ನೀರು ತರಿಸಿ, ಒಂದು ಪದರು, ಎರಡು ಪದರು, ನಾಲ್ಕು ಪದರು ಮಾಡಿ ಆ ಖಾದಿಯಲ್ಲಿ ಸೋಸಿದರು. ಒಂದು ಪದರಿನಲ್ಲಿ ಏಳು ಜೀವಿ ಇಳಿದವು, ಎರಡರಲ್ಲಿ ಎರಡು, ನಾಲ್ಕರಲ್ಲಿ ಒಂದೂ ಇಲ್ಲ, ಆದರೆ ನೀರೂ ಇಳಿಯಲಿಲ್ಲ. ಕೊನೆಗೆ ತಮ್ಮ ಧೋತರದ ಅಂಚು ಹಿಡಿದು ಸೋಸಿದರು. ಒಂದೇ ಪದರು, ಒಂದು ಜೀವಿಯೂ ಇಲ್ಲ.

"ನಾನೂ ದಪ್ಪ ಅದ ಅಂತ ಗೋಣ ಹಾಕಿದೆನಲ್ಲ ಗುಡ್ಡವ್ವಾ," ಎಂದರಂತೆ ಡಾಕ್ಟರು. "ದಪ್ಪ ಬ್ಯಾರೆ, ಸಣ್ಣ ಬ್ಯಾರೆ. ಇಷ್ಟ ಓದಿ ನನಗ ತಿಳೀಲಿಲ್ಲ."

ಹಂಡೆಯ ಬಟ್ಟೆ ಅವತ್ತೇ ಬದಲಾಗಿ ಡಾಕ್ಟರ ಧೋತರದ ತುಂಡು ಬಂತು. ಗುಡ್ಡವ್ವನ ಗಂಡ ಎರಡು ದಿನದಲ್ಲಿ ಸಣ್ಣ ನೂಲಿನ ಬಟ್ಟೆಯೊಂದನ್ನು ನೇಯ್ದು ಕೊಟ್ಟ. ಆದರೆ ವರ್ಷದ ಹಿಂದೆ ಕುಡಿದ ನೀರನ್ನು ಹಿಂದಕ್ಕೆ ತರಲಾಗದು. ಆ ಬೇಸಗೆ ಮುಗಿಯುವಷ್ಟರಲ್ಲಿ ನಾಲ್ಕನೆಯ ಮೊಳೆಯಲ್ಲಿ ಒಂಬತ್ತು ದಾರಗಳಾದವು.

ನಳದ ಮನೆಗಳ ತಂದೆತಾಯಿ ಸುಮ್ಮನಿರಲಿಲ್ಲ. ನಾರಿನ ಹುಡುಗರನ್ನೆಲ್ಲ ಶಾಲೆಗೆ ಕರೆದು ಕೂರಿಸಿಕೊಂಡದ್ದರಿಂದ ನಮ್ಮ ಮಕ್ಕಳಿಗೂ ಅಂಟಿತು, ದವಾಖಾನೆ ಮುಚ್ಚಿ ಎಂದು ಮಂಡಳಿಗೆ ಅರ್ಜಿ ಕೊಟ್ಟರು. ನಾರು ಹಾಗೆ ಅಂಟುವುದಿಲ್ಲ, ತಪ್ಪು ಬಟ್ಟೆಯದು ಎಂದು ಡಾಕ್ಟರು ಹೇಳಿದರು. ಬಟ್ಟೆಯ ಮಾತು ಬಂದ ಕೂಡಲೇ ಸಭೆ ಬಿಸಿಯಾಯಿತು. ಖಾದಿಗೆ ಹೆಸರು ಕೆಡಿಸುವ ಮಾತೆಂದು ಒಬ್ಬರೆಂದರು. ಇನ್ನೊಬ್ಬರು, ಡಾಕ್ಟರು ಸರ್ಕಾರದ ಕಡೆಯವರು ಎಂದರು. ಕೊನೆಗೆ ಮಂಡಳಿ ಒಂದು ವರ್ಷ ಕೊಟ್ಟಿತು. ಮುಂದಿನ ಬೇಸಗೆ ಒಬ್ಬನೇ ಒಬ್ಬ ನಳದ ಮನೆಯ ಹುಡುಗನಿಗೆ ನಾರು ಬಂದರೂ ಕೋಣೆ ಖಾಲಿ ಮಾಡಬೇಕು.

ಯಮನಪ್ಪ ಸಾವಕಾರರು ತಿಂಗಳೊಪ್ಪತ್ತು ಶಾಲೆಯ ಕಡೆ ತಲೆ ಹಾಕಲಿಲ್ಲ. ಒಂದು ಬೆಳಿಗ್ಗೆ ಒಬ್ಬರೇ ಬಂದು, ಎರಡೂ ಬಟ್ಟೆಗಳಲ್ಲಿ ಸೋಸಿದ ನೀರನ್ನು ಕನ್ನಡಿಯಲ್ಲಿ ತಾವೇ ನೋಡಿದರು. ಆಮೇಲೆ ಗುಡ್ಡವ್ವನನ್ನು ಕರೆದು ಕೇಳಿದರು.

"ಅವತ್ತ ನೀನರ ಒಂದ ಮಾತ ಹೇಳಬಾರದಾಗಿತ್ತೇನವಾ?"

"ನೀವು ಕೇಳಿದ್ದಿಲ್ಲಲ್ರಿ, ಸಾವ್ಕಾರ್ರ."

"ಕೇಳದಿದ್ದರೂ ಹೇಳಬೇಕಿತ್ತು."

"ಹೌದ್ರಿ. ಇನ್ನ ಹೇಳ್ತೇನಿ."

ಅವರು ತಮ್ಮ ಬಟ್ಟೆಯನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡು ಹೋದರು. ಈಗ ಅದನ್ನೇ ಹೊದ್ದು ಓಡಾಡುತ್ತಾರೆ. ಮೆಟ್ಟಿಲ ಬಾವಿಯ ಮೆಟ್ಟಿಲುಗಳನ್ನು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ನೀರು ಸೇದಲು ಗಡಗಡಿ ಇಡಬೇಕೆಂಬ ಅರ್ಜಿಗೆ ಮೊದಲ ಸಹಿ ಅವರದು. ಅರ್ಜಿ ಇನ್ನೂ ಮೇಜಿನಿಂದ ಮೇಜಿಗೆ ಹೋಗುತ್ತಿದೆ.

ಈಗ 1940ರ ಮಾರ್ಚ್. ಶಿವರಾತ್ರಿ ಕಳೆದು ನಾಲ್ಕು ದಿನ. ಈ ಬೇಸಗೆ ಇದುವರೆಗೆ ಹನ್ನೆರಡು ದಾರಗಳಾಗಿವೆ, ಎಲ್ಲವೂ ಮೊದಲ ಮೂರು ಮೊಳೆಗಳಲ್ಲಿ. ಮೆಟ್ಟಿಲ ಮೇಲಿನ ಐದು ಹುಡುಗರ ಕೆಲಸ ಮುಗಿದಿದೆ. ಗುಡ್ಡವ್ವ ಕೈ ತೊಳೆದು, ಲಕ್ಕಪ್ಪನ ಕೊಡಕ್ಕೆ ಬಟ್ಟೆ ಹಿಡಿಯಲು ಏಳುತ್ತಿದ್ದಾಳೆ. ಅಷ್ಟರಲ್ಲಿ ಗೇಟಿನಿಂದ ಬುರುಖಾ ಹಾಕಿದ ಹೆಂಗಸೊಬ್ಬಳು ಮಗನ ರಟ್ಟೆ ಹಿಡಿದು ನಡೆಸಿಕೊಂಡು ಬರುತ್ತಾಳೆ. ಹುಡುಗ ಎಡಗಾಲಿನ ಮುಂಬೆರಳನ್ನಷ್ಟೇ ಊರುತ್ತಿದ್ದಾನೆ.

ಆಕೆ ಶರೀಫಾಬಿ, ರೈಲ್ವೆ ಕಾರ್ಖಾನೆಯ ಫಿಟ್ಟರೊಬ್ಬನ ಹೆಂಡತಿ. ಹುಡುಗ ನಾಲ್ಕನೆಯ ಇಯತ್ತೆಯ ಹಜರತಅಲಿ. ಅವರಿರುವ ಚಾಳಿನ ಮನೆಗಳಿಗೆ ನಳವಿದೆ. ಹೋದ ವರ್ಷ ದವಾಖಾನೆ ಮುಚ್ಚಿರೆಂದು ಕೊಟ್ಟ ಅರ್ಜಿಯಲ್ಲಿ ಅವನ ತಂದೆಯ ಸಹಿಯೂ ಇತ್ತು.

ಗುಡ್ಡವ್ವ ಹುಡುಗನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಪಾದದ ಗಂಟಿನ ಮೇಲೆ ಬೊಬ್ಬೆ ಒಡೆದಿದೆ. ತಣ್ಣೀರಿನ ಬಟ್ಟೆ ಒತ್ತಿ, ಎಣಿಸುವಂತೆ ತುಟಿ ಅಲುಗಿಸುತ್ತಾ ಕಾಯುತ್ತಾಳೆ. ಬಟ್ಟೆ ಎತ್ತಿದಾಗ ಹುಣ್ಣಿನ ನಡುವೆ ಹಾಲಿನಂಥ ಹನಿ, ಅದರೊಳಗೆ ಬಿಳಿಯ ತುದಿ. ನೋಡಬೇಕಾದದ್ದು ಇನ್ನೇನೂ ಇಲ್ಲ.

"ಮುಚ್ಚರಿ ಮುಚ್ಚರಿ ಅಂತ ಬಡಕೊಂಡ್ವಿ," ಎನ್ನುತ್ತಾಳೆ ಶರೀಫಾಬಿ. ದನಿ ಎತ್ತರಿಸುವುದಿಲ್ಲ. "ಆ ಹುಡುಗ್ರ ಸಂಗಾಟ ಕೂತು ಬಂತೋ ಇಲ್ಲೋ?"

"ಸಂಗಾಟ ಕೂತು ಬಂದಿಲ್ಲವ್ವಾ," ಎನ್ನುತ್ತಾಳೆ ಗುಡ್ಡವ್ವ. ಹುಡುಗನ ಕಾಲನ್ನು ಬಿಟ್ಟಿಲ್ಲ. "ಈ ಹಂಡೇದ ನೀರಿನಿಂದ ಬಂದೈತಿ. ಹ್ವಾದ ವರ್ಷ ಬಟ್ಟಿ ಬದ್ಲಿ ಮಾಡೂಕ್ಕಿಂತ ಮುಂಚೆ ಕುಡದಾನ. ಬಟ್ಟಿ ಸುಮಾರೈತಿ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ."

ಶರೀಫಾಬಿ ಆಕೆಯನ್ನೇ ನೋಡುತ್ತಾಳೆ. ಸಿಟ್ಟಿಗೆ ಸಿದ್ಧಳಾಗಿ ಬಂದವಳಿಗೆ ಈ ಮಾತು ಎದುರಾದೀತೆಂದು ಅನಿಸಿರಲಿಕ್ಕಿಲ್ಲ. ಕಡೆಗೆ ಮೆಟ್ಟಿಲ ಮೇಲೆ, ಮಗನ ಪಕ್ಕದಲ್ಲಿ ಕೂರುತ್ತಾಳೆ. ಅವನ ಕೈ ತನ್ನ ಕೈಯಲ್ಲಿ ತೆಗೆದುಕೊಳ್ಳುತ್ತಾಳೆ.

"ಹಂಗಾರ ನೀನ ತಗಿ. ಹರದ್ಯೋ, ಓಣಿಯಾಗ ನಿನ್ನ ಹೆಸರ ಹಿಡದ ಬೈತೇನಿ."

"ಬೈಯವ್ವಾ. ಅಲ್ಲೀಮಟ ಹುಡುಗನ್ನ ಅಲಗ್ಯಾಡದಂಗ ಹಿಡಿ."

ಅರ್ಧ ಸುತ್ತು, ನಿಲುಗಡೆ. ಕಾಲು ಸುತ್ತು ಹಿಂದಕ್ಕೆ. ಹೀಗೆ ಒಂದು ಬೆರಳಿನಷ್ಟು ಬರಲು ಹತ್ತು ನಿಮಿಷ ಹಿಡಿಯುತ್ತದೆ. ಹುಡುಗ ಅಳುವುದಿಲ್ಲ. ಅದು ಎಷ್ಟು ಉದ್ದ ಇರುತ್ತದೆ ಎಂದು ಕೇಳುತ್ತಾನೆ. ನಿನ್ನಷ್ಟು ಇಲ್ಲ ಎಂದು ಗುಡ್ಡವ್ವ ಹೇಳುತ್ತಾಳೆ. ಪಟ್ಟಿ ಕಟ್ಟಿಸಿಕೊಂಡು ಅವನು ಕುಂಟುತ್ತಾ ತರಗತಿಗೆ ಹೋಗುತ್ತಾನೆ. ನಾಳೆ ಎಷ್ಟು ಗಂಟೆಗೆ ಕರೆತರಬೇಕೆಂದು ಶರೀಫಾಬಿ ಕೇಳಿಕೊಂಡು ಮನೆಗೆ ಹೊರಡುತ್ತಾಳೆ.

ಸುದ್ದಿ ಗುರುಶಿದ್ದಪ್ಪ ಮಾಸ್ತರರಿಗೆ ಆಗಲೇ ತಲುಪಿದೆ. ಅವರು ಕೋಣೆಯ ಬಾಗಿಲಲ್ಲಿ ನಿಂತು ಹಲಗೆ ನೋಡುತ್ತಾರೆ. ಗುಡ್ಡವ್ವ ಹೊಸ ದಾರ ಕಡಿದು, ಅದಕ್ಕೆ ಒಂದು ಗಂಟು ಹಾಕಿ ಹಿಡಿದಿದ್ದಾಳೆ, ಇನ್ನೂ ಕಟ್ಟಿಲ್ಲ. ಆರು ವರ್ಷ ಬರೆದು, ಓಡಾಡಿ, ಕೈಮುಗಿದು ಉಳಿಸಿಕೊಂಡ ಕೋಣೆ ಅವರದು. ಸುಳ್ಳು ಹೇಳುವ ಮನುಷ್ಯರಲ್ಲ. ಆದರೂ, ಆ ಹುಡುಗನ ಸೋದರತ್ತೆಯ ಮನೆ ಪಕ್ಕದ ಹಳ್ಳಿಯಲ್ಲಿದೆಯಂತಲ್ಲ, ದಸರಾ ಸೂಟಿಯಲ್ಲಿ ಹೋಗಿದ್ದನಂತೆ, ಅಲ್ಲಿನ ಕೆರೆಯ ನೀರು ಕುಡಿದಿರಬಹುದು, ಮೂರನೆಯ ಮೊಳೆಗೆ ಕಟ್ಟಿದರೂ ತಪ್ಪಿಲ್ಲ ಎನ್ನುತ್ತಾರೆ. ಹೇಳುವಾಗ ಅವರ ಕಣ್ಣು ಹಲಗೆಯ ಮೇಲೆಯೇ ಇದೆ, ಆಕೆಯ ಮೇಲಲ್ಲ.

ಗುಡ್ಡವ್ವ ಬೆರಳು ಮಡಿಸುತ್ತಾಳೆ. "ದಸರಾದಿಂದ ಇಲ್ಲೀಮಟ ಐದ ತಿಂಗಳಾತ್ರಿ ಮಾಸ್ತರ. ಐದ ತಿಂಗಳಿಗೆ ನಾರ ಹೊರಡೂದಿಲ್ಲ. ಅದಕ್ಕ ವರ್ಷ ಬೇಕು." ಮತ್ತೆ ಎಣಿಸುತ್ತಾಳೆ. ಹೋದ ಶಿವರಾತ್ರಿಯ ಮರುದಿನ ಬಟ್ಟೆ ಬದಲಾಯಿತು. ನಡುವೆ ಅಧಿಕಮಾಸ ಬಂದಿದ್ದರಿಂದ ಈ ಶಿವರಾತ್ರಿಗೆ ಹದಿಮೂರು ತಿಂಗಳು. ಬಟ್ಟೆ ಬದಲಾಗುವ ಮುಂಚಿನ ದಿನಗಳಲ್ಲಿ ಹಂಡೆಯ ನೀರು ಕುಡಿದವನಿಗೆ ಸರಿಯಾಗಿ ಈಗ ಹೊರಡಬೇಕು. ಲೆಕ್ಕ ಎಲ್ಲಿಂದ ಹಿಡಿದರೂ ಈ ಹಂಡೆಗೇ ಬಂದು ನಿಲ್ಲುತ್ತದೆ.

ಮಾಸ್ತರರು, ಮಂಡಳಿಯವರು ತಿಂಗಳು ಎಣಿಸುವುದಿಲ್ಲ, ಮೊಳೆಯನ್ನಷ್ಟೇ ನೋಡುತ್ತಾರೆ ಎನ್ನುತ್ತಾರೆ. ಅದು ನಿಜ. ಕೋಣೆ ಹೋದರೆ ನಾಳೆ ಮೆಟ್ಟಿಲ ಮೇಲೆ ಕೂರುವ ಆರು ಕಾಲುಗಳು ಎಲ್ಲಿಗೆ ಹೋಗಬೇಕು ಎಂಬುದೂ ನಿಜ. ಗುಡ್ಡವ್ವನಿಗೆ ಇವೆರಡೂ ಗೊತ್ತಿವೆ.

ಆಕೆ ಹಲಗೆಯ ಹತ್ತಿರ ಹೋಗಿ ಹಜರತಅಲಿಯ ದಾರವನ್ನು ನಾಲ್ಕನೆಯ ಮೊಳೆಗೆ ಕಟ್ಟುತ್ತಾಳೆ. ಎರಡು ಸಲ ಬಿಗಿದು ನೋಡುತ್ತಾಳೆ.

"ಒಂದ ಸಲ ಸುಮ್ಮನಿದ್ದು ಒಂಬತ್ತ ದಾರ ಕಟ್ಟೇನ್ರಿ," ಎನ್ನುತ್ತಾಳೆ. "ಈಗ ಮೊಳಿಗೇ ಸುಳ್ಳ ಕಟ್ಟಿದ್ರ, ಬರೂ ವರ್ಷ ನಾ ಯಾವದನ್ನ ನೋಡಿ ತಿಳಕೊಳ್ಳಲಿ?"

ಗುರುಶಿದ್ದಪ್ಪನವರು ತಮ್ಮ ಕೋಣೆಗೆ ಹೋಗಿ, ಮಂಡಳಿಗೆ ಬರೆಯಲು ಕಾಗದ ತೆಗೆಯುತ್ತಾರೆ. ಶಿವರಾತ್ರಿಯಿಂದ ಶಿವರಾತ್ರಿಗೆ ಹದಿಮೂರು ತಿಂಗಳ ಲೆಕ್ಕವನ್ನು ಅದರಲ್ಲಿ ಮೊದಲ ಸಾಲಿಗೇ ಬರೆಯುತ್ತಾರೆ. ಗುರುವಾರ ಡಾಕ್ಟರು ಬಂದಾಗ ಎರಡು ಬಟ್ಟೆಗಳ ಲೆಕ್ಕವನ್ನೂ ಅದರ ಕೆಳಗೆ ಸೇರಿಸಬೇಕು. ಯಮನಪ್ಪ ಸಾವಕಾರರನ್ನು, ಆ ಖಾದಿಯನ್ನು ಹೊದ್ದುಕೊಂಡೇ ಸಭೆಗೆ ಬರಲು ಕೇಳಬೇಕು. ಮಂಡಳಿ ಏನು ಹೇಳುತ್ತದೋ ಯಾರಿಗೂ ಗೊತ್ತಿಲ್ಲ.

ಗಂಟೆ ಬಾರಿಸುತ್ತದೆ. ಅಂಗಳದಲ್ಲಿ ಹುಡುಗರು ಸಾಲು ನಿಲ್ಲುತ್ತಾರೆ. ಇನ್ನು ಲಕ್ಕಪ್ಪನ ನೀರು ಸೋಸಿಕೊಟ್ಟು ಗುಡ್ಡವ್ವ ಮನೆಗೆ ಹೋಗಿ ಸಂಜೆಯವರೆಗೆ ಕಂಡಿಕೆ ಸುತ್ತಬೇಕು. ಮಗ್ಗ ಕಾಯುತ್ತಿದೆ. ಏನು ಆಗಬೇಕೆಂದು ಬಯಸುತ್ತೀ ಎಂದು ಕೇಳಿದರೆ ಗುಡ್ಡವ್ವ ಮೊದಲು ಬಾವಿಗೆ ಕಟ್ಟೆ ಎನ್ನುತ್ತಾಳೆ. ಆಮೇಲೆ, ಈ ಕೈ ನೂಲಿಗಷ್ಟೇ ಬೇಕಾಗುವ ಒಂದು ಬೇಸಗೆಯನ್ನು ನೋಡಿ ಸಾಯಬೇಕು ಎನ್ನುತ್ತಾಳೆ. ಬಾಗಿಲು ಎಳೆದುಕೊಳ್ಳುವ ಮುನ್ನ ಹಲಗೆಯ ಕಡೆ ಒಮ್ಮೆ ತಿರುಗುತ್ತಾಳೆ. ನಾಲ್ಕನೆಯ ಮೊಳೆಯಲ್ಲಿ ಒಂದೇ ಗಂಟಿನ ದಾರ ಗಾಳಿಗೆ ಅಲುಗುತ್ತಿದೆ.

"ಅದು ಬರಿದಾಗಬೇಕ್ರಿ," ಎನ್ನುತ್ತಾಳೆ. "ಆದರ ತಾನಾಗೇ ಬರಿದಾಗಬೇಕು."